ತೆರೆಯ ಹಿಂದೆ: ‘ಸ್ಲ್ಯಾಪ್ ಶಾಟ್’ ಬಗ್ಗೆ ನಿಮ್ಮ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ಆಟದ ಸಿನಿಮಾಗಳ ಮಾತು ಬಂದಾಗ ‘ಸ್ಲ್ಯಾಪ್ ಶಾಟ್’ ಎಂಬ 1977ರ ಹಾಸ್ಯಚಿತ್ರವನ್ನು ನೆನೆದಿದ್ದೆ. ಅದರ ಬಗ್ಗೆಯೇ ಪತ್ರಗಳು ಬಂದಿರುವುದರಿಂದ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ನೋಡದವರಿಗಾಗಿ ಕಥೆ ಇಷ್ಟು: ಚಾರ್ಲ್ಸ್‌ಟೌನ್ ಅಮೆರಿಕದ ಒಂದು ಸಣ್ಣ ಊರು. ಅಲ್ಲಿನ ಉಕ್ಕಿನ ಕಾರ್ಖಾನೆ ಮುಚ್ಚಲಿದೆ. ಊರಿನ ಐಸ್ ಹಾಕಿ ತಂಡ ಚೀಫ್ಸ್ ಸೋಲುತ್ತಲೇ ಇದೆ, ಅದೂ ಮುಚ್ಚುವ ಸೂಚನೆಯಿದೆ. ವಯಸ್ಸು ಮೀರಿದ ಆಟಗಾರ, ತರಬೇತುದಾರನೂ ಆಗಿರುವ ರೆಜ್ಜಿ ಡನ್‌ಲಪ್ ತಂಡವನ್ನು ಉಳಿಸಲು ಹೊಡೆದಾಟದ ದಾರಿ ಹಿಡಿಯುತ್ತಾನೆ. ಜನ ಮುಗಿಬಿದ್ದು ಬರುತ್ತಾರೆ. ಡನ್‌ಲಪ್ ಆಗಿ ನಟಿಸಿದವರು ಪಾಲ್ ನ್ಯೂಮನ್, ನಿರ್ದೇಶಕರು ಜಾರ್ಜ್ ರಾಯ್ ಹಿಲ್.

ಪ್ರಶ್ನೆ: ದಪ್ಪ ಚೌಕಟ್ಟಿನ ಕನ್ನಡಕ ಹಾಕಿಕೊಂಡು, ಉದ್ದ ಕೂದಲು ಬಿಟ್ಟು, ಸಿಕ್ಕಸಿಕ್ಕವರಿಗೆ ಹೊಡೆಯುವ ಆ ಮೂವರು ಹ್ಯಾನ್ಸನ್ ಸಹೋದರರು ಯಾರು? ಎಂಥ ಹಾಸ್ಯನಟರು! ಬೇರೆ ಯಾವ ಸಿನಿಮಾಗಳಲ್ಲಿ ನಟಿಸಿದ್ದಾರೆ? (ಮಂಗಳೂರಿನ ಓದುಗರು)

ಉತ್ತರ: ಅವರು ನಟರೇ ಅಲ್ಲ, ಆಟಗಾರರು. ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಎಂಬ ಊರಿನಲ್ಲಿ ಜಾನ್ಸ್‌ಟೌನ್ ಜೆಟ್ಸ್ ಎಂಬ ತಂಡವಿತ್ತು. ಮಿನೆಸೋಟಾದ ವರ್ಜೀನಿಯಾ ಎಂಬ ಊರಿನಿಂದ ಬಂದ ಜ್ಯಾಕ್, ಸ್ಟೀವ್, ಜೆಫ್ ಕಾರ್ಲ್‌ಸನ್ ಎಂಬ ಮೂವರು ಅಣ್ಣತಮ್ಮಂದಿರು ಅದರಲ್ಲಿ ಆಡುತ್ತಿದ್ದರು. ಸಿನಿಮಾದ ಮೂವರನ್ನು ಬರೆದದ್ದು ಇವರನ್ನು ನೋಡಿಯೇ. ಆ ಕನ್ನಡಕಗಳು ಕೂಡ ವೇಷಭೂಷಣದವರ ಕಲ್ಪನೆಯಲ್ಲ. ಅವನ್ನೇ ಹಾಕಿಕೊಂಡು ಅವರು ಆಡುತ್ತಿದ್ದರು.

ಚಿತ್ರದಲ್ಲಿ ಮೂವರು ಅಣ್ಣತಮ್ಮಂದಿರೂ ತಮ್ಮನ್ನು ತಾವೇ ಅಭಿನಯಿಸಬೇಕಿತ್ತು. ಚಿತ್ರೀಕರಣದ ಹೊತ್ತಿಗೆ ಸರಿಯಾಗಿ ಜ್ಯಾಕ್‌ಗೆ ಎಡ್ಮಂಟನ್ ಆಯ್ಲರ್ಸ್ ತಂಡದಿಂದ ಕರೆ ಬಂತು. ಆ ತಂಡ ಆಗ ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ದೊಡ್ಡ ಲೀಗಿನ ಪ್ಲೇಆಫ್, ಅಂದರೆ ಕೊನೆಯ ಸುತ್ತಿನ ಪಂದ್ಯಗಳನ್ನು ಆಡಬೇಕಿತ್ತು. ಆಟಗಾರನಿಗೆ ಸಿನಿಮಾಕ್ಕಿಂತ ದೊಡ್ಡ ಲೀಗಿನ ಕರೆಯೇ ಮುಖ್ಯ, ಅವನು ಹೊರಟುಹೋದ. ಅವನ ಜಾಗಕ್ಕೆ ಅದೇ ತಂಡದ ಡೇವ್ ಹ್ಯಾನ್ಸನ್ ಬಂದ. ಅವನು ಅದಕ್ಕೂ ಮೊದಲು ‘ಕಿಲ್ಲರ್’ ಕಾರ್ಲ್‌ಸನ್ ಎಂಬ ಬೇರೊಂದು ಪಾತ್ರಕ್ಕೆ ಆಯ್ಕೆಯಾಗಿದ್ದವನು. ಆ ಪಾತ್ರ ಜೆರ್ರಿ ಹೌಸರ್ ಎಂಬ ನಟನಿಗೆ ಹೋಯಿತು. ಹೀಗಾಗಿ ಹ್ಯಾನ್ಸನ್ ಹೆಸರಿನ ಸಹೋದರರಲ್ಲಿ ಇಬ್ಬರು ಕಾರ್ಲ್‌ಸನ್‌ಗಳು, ಕಾರ್ಲ್‌ಸನ್ ಹೆಸರಿನ ಪಾತ್ರದಲ್ಲಿ ಒಬ್ಬ ನಟ, ನಿಜವಾದ ಹ್ಯಾನ್ಸನ್ ತನ್ನದೇ ಹೆಸರಿನ ಸಹೋದರರಲ್ಲಿ ಒಬ್ಬ.

ಅವರು ಪ್ರೇಕ್ಷಕರ ಗ್ಯಾಲರಿಗೆ ನುಗ್ಗಿ ಹೊಡೆದಾಡಿ ಪೊಲೀಸರ ಕೈಗೆ ಸಿಕ್ಕುವ ಪ್ರಸಂಗ ನೆನಪಿದೆಯಲ್ಲವೇ? ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ ಪ್ರೇಕ್ಷಕರ ಕಡೆಯಿಂದ ಬಂದ ವಸ್ತುವೊಂದು ಜೆಫ್‌ನ ಮುಖಕ್ಕೆ ಬಡಿದು, ಅದೇ ರೀತಿ ನಿಜವಾಗಿಯೂ ನಡೆದಿತ್ತು. ಹೋಟೆಲ್ ಕೋಣೆಯಲ್ಲಿ ಅವರು ಆಟಿಕೆ ಕಾರು ಓಡಿಸುವುದೂ ಬದುಕಿನಿಂದ ಎತ್ತಿಕೊಂಡದ್ದೇ. ನನಗೆ ಚಿತ್ರದಲ್ಲಿ ಬಲು ಇಷ್ಟವಾದ ವಿವರ ಅದು. ರಿಂಕ್‌ನಲ್ಲಿ, ಅಂದರೆ ಐಸ್ ಅಂಗಳದಲ್ಲಿ, ರಾಕ್ಷಸರಂತೆ ಕಾಣುವವರು ಇಪ್ಪತ್ತರ ಆಸುಪಾಸಿನ ಹುಡುಗರು ಎಂಬುದನ್ನು ಒಂದು ಮಾತೂ ಇಲ್ಲದೆ ಹೇಳಿಬಿಡುತ್ತದೆ.

ಪ್ರಶ್ನೆ: ಇಷ್ಟೊಂದು ಬೈಗುಳವಿರುವ, ಗಂಡಸರ ಡ್ರೆಸಿಂಗ್ ರೂಮಿನಲ್ಲೇ ನಡೆಯುವ ಚಿತ್ರವನ್ನು ಮಹಿಳೆಯೊಬ್ಬರು ಬರೆದಿದ್ದಾರೆ ಎಂದು ಓದಿದೆ. ಹೆಸರಿಗೆ ಮಾತ್ರ ಇರಬಹುದೇ? (ಧಾರವಾಡದ ವಿದ್ಯಾರ್ಥಿ)

ಉತ್ತರ: ಹೆಸರಿಗೆ ಮಾತ್ರ ಅಲ್ಲ. ಈ ಪ್ರಶ್ನೆ ನಿಮ್ಮೊಬ್ಬರದಲ್ಲ. ಚಿತ್ರ ಬಂದ ಕಾಲದಲ್ಲಿ ಅಮೆರಿಕದಲ್ಲೂ ಹೆಂಗಸು ಹೀಗೆ ಬರೆದಾಳೇ ಎಂದು ಹುಬ್ಬೇರಿಸಿದವರಿದ್ದರು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬರೆದವರು ನ್ಯಾನ್ಸಿ ಡೌಡ್. ಅವರ ತಮ್ಮ ನೆಡ್ ಡೌಡ್ ಜಾನ್ಸ್‌ಟೌನ್ ಜೆಟ್ಸ್ ತಂಡದ ಆಟಗಾರ. ಒಂದು ರಾತ್ರಿ ನೆಡ್ ಫೋನ್ ಮಾಡಿ, ತಂಡವನ್ನು ಮಾರುತ್ತಾರಂತೆ ಎಂದ. ಮಾಲೀಕರು ಯಾರು ಎಂದು ಅಕ್ಕ ಕೇಳಿದರೆ ತಮ್ಮನಿಗೆ ಗೊತ್ತಿಲ್ಲ. ತಾನು ಯಾರಿಗಾಗಿ ಮೈಮೂಳೆ ಮುರಿದುಕೊಳ್ಳುತ್ತಿದ್ದೇನೆ ಎಂಬುದು ಆಟಗಾರನಿಗೇ ತಿಳಿಯದು! ಚಿತ್ರದ ಬೀಜ ಇರುವುದು ಅಲ್ಲಿ. ಡನ್‌ಲಪ್ ಚಿತ್ರದುದ್ದಕ್ಕೂ ಹುಡುಕುವುದು ಇದೇ ಪ್ರಶ್ನೆಗೆ ಉತ್ತರವನ್ನು. ಕೊನೆಗೆ ಮಾಲೀಕಳು ಸಿಕ್ಕಾಗ, ತೆರಿಗೆ ಲೆಕ್ಕದಲ್ಲಿ ನಷ್ಟ ತೋರಿಸುವುದಕ್ಕಾಗಿ ತಂಡವನ್ನು ಮುಚ್ಚುವುದೇ ತನಗೆ ಲಾಭ ಎಂದು ತಣ್ಣಗೆ ಹೇಳುತ್ತಾಳೆ.

ನ್ಯಾನ್ಸಿ ಜಾನ್ಸ್‌ಟೌನ್‌ಗೆ ಹೋಗಿ ಉಳಿದರು. ಆಟಗಾರರನ್ನು, ಅವರ ಹೆಂಡತಿಯರನ್ನು ಹತ್ತಿರದಿಂದ ನೋಡಿದರು. ನೆಡ್ ಟೇಪ್ ರೆಕಾರ್ಡರ್ ಇಟ್ಟುಕೊಂಡು ಡ್ರೆಸಿಂಗ್ ರೂಮಿನಲ್ಲಿ, ತಂಡದ ಬಸ್ಸಿನಲ್ಲಿ ಹುಡುಗರ ಮಾತುಗಳನ್ನು ಹಿಡಿದುಕೊಟ್ಟ. ಸಂಭಾಷಣೆಯ ಲಯ ಬಂದಿರುವುದು ಅಲ್ಲಿಂದ. ಕೇಳಿಸಿಕೊಂಡದ್ದನ್ನು ಇಳಿಸಿದರಾಯಿತು, ಅದರಲ್ಲೇನು ಎನ್ನುವವರಿದ್ದಾರೆ. ಗಂಟೆಗಟ್ಟಲೆ ಮಾತು ಕೇಳಿ ಅದರಲ್ಲಿ ಯಾವ ನಾಲ್ಕು ಸಾಲು ಒಬ್ಬ ಮನುಷ್ಯನನ್ನು ನಿಲ್ಲಿಸುತ್ತವೆ ಎಂದು ಆರಿಸುವುದೇ ಬರವಣಿಗೆ. ಗಂಡಂದಿರು ಊರೂರು ಸುತ್ತುವಾಗ ಹೆಂಡತಿಯರು ಕುಡಿಯುತ್ತ ಕೂರುವ ದೃಶ್ಯಗಳನ್ನೂ ನೋಡಿ. ಲಿಂಡ್ಸೆ ಕ್ರೌಸ್ ಅಭಿನಯಿಸಿದ, ಆಟಗಾರ ಬ್ರೇಡನ್‌ನ ಹೆಂಡತಿ ಲಿಲಿಯ ಬೇಸರ, ಡನ್‌ಲಪ್‌ನನ್ನು ಬಿಟ್ಟುಹೋದ ಹೆಂಡತಿ ಫ್ರ್ಯಾನ್ಸೀನ್‌ಳ ನಿರ್ಧಾರ. ಡ್ರೆಸಿಂಗ್ ರೂಮನ್ನು ಮಾತ್ರ ಬಲ್ಲವರು ಇವನ್ನು ಬರೆಯಲಾರರು.

ಮರುವರ್ಷ ಬಂದ ‘ಕಮಿಂಗ್ ಹೋಮ್’ ಚಿತ್ರದ ಕಥೆಗಾಗಿ ನ್ಯಾನ್ಸಿ ಇನ್ನಿಬ್ಬರ ಜೊತೆ ಆಸ್ಕರ್ ಹಂಚಿಕೊಂಡರು. ಆಮೇಲಿನ ಕೆಲವು ಚಿತ್ರಗಳಿಗೆ ತಮ್ಮ ಹೆಸರು ಹಾಕಿಸದೆ ರಾಬ್ ಮಾರ್ಟನ್, ಅರ್ನೆಸ್ಟ್ ಮಾರ್ಟನ್ ಎಂಬ ಕಲ್ಪಿತ ಗಂಡು ಹೆಸರುಗಳನ್ನು ಇಟ್ಟರು. ಹ್ಯಾನ್ಸನ್‌ಗಳ ಹೆಸರು ಐಸ್ ಹಾಕಿ ಬಲ್ಲ ಮಕ್ಕಳಿಗೂ ಗೊತ್ತು, ಇವರ ಹೆಸರು ಸಿನಿಮಾ ಓದುವ ವಿದ್ಯಾರ್ಥಿಗೆ ಸಂಶಯ. ನನಗೆ ಇದು ನೋವಿನ ಸಂಗತಿ. ದಯವಿಟ್ಟು ನಿಮ್ಮ ಕಾಲೇಜಿನಲ್ಲಿ ಈ ಚಿತ್ರದ ಮಾತು ಬಂದಾಗ ಮೊದಲು ನ್ಯಾನ್ಸಿ ಡೌಡ್ ಹೆಸರು ಹೇಳಿ.

ಅಂದಹಾಗೆ, ತಮ್ಮನನ್ನೂ ನೀವು ತೆರೆಯ ಮೇಲೆ ನೋಡಿದ್ದೀರಿ. ಕೊನೆಯ ಪಂದ್ಯಕ್ಕೆ ಎದುರಾಳಿಯಾಗಿ ಬರುವ, ಗುಂಗುರು ಕೂದಲಿನ ಭಯಂಕರ ಆಟಗಾರ ಓಗಿ ಓಗಿಲ್ಥಾರ್ಪ್ ಆದವನೇ ನೆಡ್. ಆ ಪಾತ್ರಕ್ಕೆ ಮಾದರಿ ಬಿಲ್ ಗೋಲ್ಡ್‌ಥಾರ್ಪ್ ಎಂಬ ನಿಜವಾದ ಆಟಗಾರ.

ಪ್ರಶ್ನೆ: ನಮ್ಮ ಕೊಡಗಿನಲ್ಲಿ 1997ರಿಂದ ಕುಟುಂಬಗಳ ನಡುವೆ ಹಾಕಿ ಹಬ್ಬ ನಡೆಯುತ್ತಿದೆ. ಕೋಲು ಎತ್ತಿ ಯಾರಿಗಾದರೂ ಹೊಡೆದರೆ ಹೊರಗೆ ಕಳಿಸುತ್ತಾರೆ. ಈ ಚಿತ್ರದಲ್ಲಿ ಅಷ್ಟು ರಕ್ತ ಹರಿದರೂ ಮತ್ತೆ ಆಡುತ್ತಾರಲ್ಲ, ಇದು ಉತ್ಪ್ರೇಕ್ಷೆಯೇ? (ಮಡಿಕೇರಿಯ ಓದುಗರು)

ಉತ್ತರ: ಪ್ರಮಾಣದಲ್ಲಿ ಉತ್ಪ್ರೇಕ್ಷೆ, ನಿಯಮದಲ್ಲಿ ಅಲ್ಲ. ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯಲ್ಲಿ ಇಬ್ಬರು ಕೈಗವಸು ಬಿಸಾಡಿ ಗುದ್ದಾಡಿದರೆ ಐದು ನಿಮಿಷದ ಶಿಕ್ಷೆ. ಶಿಕ್ಷೆಯಾದವರು ಕೂರುವ ಪೆನಾಲ್ಟಿ ಬಾಕ್ಸಿನಲ್ಲಿ ಕುಳಿತೆದ್ದು ಮತ್ತೆ ಆಡಬಹುದು. ಚಿತ್ರದ ಆರಂಭದಲ್ಲೇ ಫ್ರೆಂಚ್ ಮಾತಾಡುವ ಗೋಲ್‌ಕೀಪರ್ ಡೆನಿ ಲೆಮ್ಯೂ ಟಿವಿಯವನಿಗೆ ಇದನ್ನು ವಿವರಿಸುತ್ತಾನೆ: ತಪ್ಪು ಮಾಡಿದರೆ ಎರಡು ನಿಮಿಷ ಬಾಕ್ಸಿನಲ್ಲಿ ಒಬ್ಬನೇ ಕೂತು ನಾಚಿಕೆಪಡಬೇಕು, ಆಮೇಲೆ ಬಿಡುಗಡೆ. ಇಡೀ ಚಿತ್ರದ ಧಾಟಿ ಆ ಮುಗ್ಧ ವಿವರಣೆಯಲ್ಲಿ ನಿಂತುಬಿಡುತ್ತದೆ. ಪ್ರೇಕ್ಷಕರಿಗೆ ನಿಯಮ ಕಲಿಸಿದ ಹಾಗೂ ಆಯಿತು, ನಗಿಸಿದ ಹಾಗೂ ಆಯಿತು.

ಪ್ರಶ್ನೆ: ಹೊಡೆದಾಟಗಳು ಅಷ್ಟು ನಿಜವೆನಿಸಲು ಏನು ಮಾಡಿದರು? ನ್ಯೂಮನ್ ತಾವೇ ಸ್ಕೇಟ್ ಮಾಡಿದರೇ? (ಬೆಂಗಳೂರಿನ ಓದುಗರು)

ಉತ್ತರ: ಮಾಡಿದರು. 1976ರಲ್ಲಿ ಚಿತ್ರೀಕರಣ ನಡೆದಾಗ ನ್ಯೂಮನ್‌ಗೆ 51 ವರ್ಷ. ಕಾಲೇಜು ಓದಿದ, ಹೊಡೆದಾಡಲು ಒಪ್ಪದ ನೆಡ್ ಬ್ರೇಡನ್ ಆಗಿ ನಟಿಸಿದ ಮೈಕಲ್ ಆಂಟ್‌ಕೀನ್ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ್ದವರು. ಕೊನೆಯ ಪಂದ್ಯದಲ್ಲಿ ಎಲ್ಲರೂ ಬಡಿದಾಡುತ್ತಿರುವಾಗ ಆತ ಸ್ಕೇಟ್ ಮಾಡುತ್ತಲೇ ಒಂದೊಂದೇ ಬಟ್ಟೆ ಕಳಚುತ್ತ ಸುತ್ತುವ ದೃಶ್ಯ ಸಾಧ್ಯವಾದದ್ದು ಆ ಪಳಗಿದ ಕಾಲುಗಳಿಂದ. ಉಳಿದ ಆಟಗಾರರಲ್ಲಿ ಬಹುಪಾಲು ವೃತ್ತಿಯವರೇ. ಜೆಟ್ಸ್ ತಂಡದಲ್ಲಿ ಆಡುತ್ತಿದ್ದ ಬ್ರೂಸ್ ಬೂಡ್ರೋ ಎದುರಾಳಿ ತಂಡದ ಸಮವಸ್ತ್ರದಲ್ಲಿ ಕಾಣಿಸುತ್ತಾರೆ. ಮುಂದೆ ಅವರು ನ್ಯಾಷನಲ್ ಹಾಕಿ ಲೀಗಿನಲ್ಲಿ ದೊಡ್ಡ ತರಬೇತುದಾರರಾದರು. ಡನ್‌ಲಪ್‌ನ ಗಲೀಜು ಕೋಣೆ ಎಂದು ತೋರಿಸಿರುವುದು ಆಗ ಅವರು ವಾಸವಿದ್ದ ಮನೆಯನ್ನೇ.

ಇಷ್ಟೂ ಇದ್ದು ಸಂಕಲನ ಸೋತಿದ್ದರೆ ಎಲ್ಲ ನೀರುಪಾಲಾಗುತ್ತಿತ್ತು. ಸ್ಟೀನ್‌ಬೆಕ್ ಎಂಬ ಸಂಕಲನದ ಮೇಜಿನ ಮುಂದೆ ನಾನು ಸಹಾಯಕಿಯಾಗಿ ರೀಲು ಸುತ್ತಿದ ಕಾಲದಿಂದಲೂ ಡೀಡಿ ಆ್ಯಲನ್ ನನಗೆ ಗುರುವಿನಂತೆ. ಈ ಚಿತ್ರದ ಸಂಕಲನ ಅವರದು. ಹೊಡೆತ ಬೀಳುವ ಮೊದಲೇ ಶಾಟ್ ಕತ್ತರಿಸಿದರೆ ಪೆಟ್ಟು ಸುಳ್ಳೆನಿಸುತ್ತದೆ, ಬಿದ್ದ ಮೇಲೆ ತಡೆದರೆ ನಗು ಸತ್ತು ಮರುಕ ಹುಟ್ಟುತ್ತದೆ. ನಡುವಿನ ಆ ಕೆಲವೇ ಫ್ರೇಮುಗಳನ್ನು ಅವರು ಬಲ್ಲರು. ಮುಂದಿನ ದೃಶ್ಯದ ಸದ್ದನ್ನು ಈ ದೃಶ್ಯದ ಕೊನೆಯಲ್ಲೇ ಕೇಳಿಸಿಬಿಡುವುದು ಅವರ ಪ್ರಸಿದ್ಧ ಕ್ರಮ. ರಾಷ್ಟ್ರಗೀತೆಯ ದೃಶ್ಯವನ್ನು ಮತ್ತೆ ನೋಡಿ. ಆಟಕ್ಕೆ ಮೊದಲೇ ಬಡಿದಾಟವಾಗಿದೆ, ಮರುಕ್ಷಣ ರಕ್ತ ಸುರಿಸುತ್ತ ಎಲ್ಲರೂ ಸಾಲಾಗಿ ನಿಂತಿದ್ದಾರೆ. ರೆಫರಿ ಬಂದು ಗದರಿಸಿದರೆ, ಸ್ಟೀವ್ ತಾನು ಗೀತೆ ಕೇಳುತ್ತಿದ್ದೇನೆ ಎಂದು ಅವನನ್ನೇ ಗದರಿಸುತ್ತಾನೆ. ಬಡಿದಾಟಕ್ಕೂ ಆ ಸಾಲಿಗೂ ನಡುವೆ ಏನೂ ಇಟ್ಟಿಲ್ಲ. ನಗು ಹುಟ್ಟುವುದು ಆ ಕತ್ತರಿಯಲ್ಲಿ.

ಪ್ರಶ್ನೆ: ನಾನು ಭದ್ರಾವತಿಯವನು, ನಮ್ಮಪ್ಪ ಉಕ್ಕಿನ ಕಾರ್ಖಾನೆಯಲ್ಲಿದ್ದವರು. ಎಲ್ಲರೂ ನಗುವ ಈ ಚಿತ್ರ ನೋಡಿ ನನಗೆ ಗಂಟಲು ಕಟ್ಟಿತು. ಆ ಊರು ನಿಜವೇ?

ಉತ್ತರ: ನಿಜ. ಹೆಸರು ಮಾತ್ರ ಬದಲಾಯಿಸಿದ್ದಾರೆ. ಚಿತ್ರದ ಬಹುಭಾಗ ತೆಗೆದದ್ದು ಜಾನ್ಸ್‌ಟೌನ್‌ನಲ್ಲೇ, ಜೆಟ್ಸ್ ಆಡುತ್ತಿದ್ದ ಕ್ಯಾಂಬ್ರಿಯಾ ಕೌಂಟಿ ವಾರ್ ಮೆಮೋರಿಯಲ್ ಅರೀನಾದಲ್ಲೇ. ಗ್ಯಾಲರಿಯಲ್ಲಿ ಅರಚುವವರಲ್ಲಿ ಊರಿನ ಜನ ಇದ್ದಾರೆ. ಅಲ್ಲಿ ಬೆತ್ಲೆಹೆಮ್ ಸ್ಟೀಲ್ ಕಂಪನಿಯ ದೊಡ್ಡ ಕಾರ್ಖಾನೆಯಿತ್ತು. ಚಿತ್ರದಲ್ಲಿ ಹತ್ತು ಸಾವಿರ ಜನ ಕೆಲಸ ಕಳೆದುಕೊಳ್ಳಲಿದ್ದಾರೆ ಎಂಬ ಸುದ್ದಿ ಹಬ್ಬುತ್ತದೆ. ಮುಂದಿನ ವರ್ಷಗಳಲ್ಲಿ ಜಾನ್ಸ್‌ಟೌನ್‌ನ ಉಕ್ಕಿನ ಕೆಲಸಗಳು ನಿಜಕ್ಕೂ ಕರಗಿಹೋದವು.

ಬೀದಿಯಲ್ಲಿ ಒಂದು ನಾಯಿಯ ಪ್ರತಿಮೆ ಬರುತ್ತದೆ, ಪ್ರವಾಹದಿಂದ ಊರನ್ನು ಉಳಿಸಿದ ನಾಯಿ ಎಂದು ಪಾತ್ರಗಳು ಹೇಳುತ್ತವೆ. ಆ ಪ್ರತಿಮೆ ಜಾನ್ಸ್‌ಟೌನ್‌ನಲ್ಲಿ ಇರುವುದೇ, ಕಥೆ ಮಾತ್ರ ಕಟ್ಟಿದ್ದು. ಮೊದಲು ಒಬ್ಬರ ಮನೆಯ ಅಂಗಳದಲ್ಲಿದ್ದ ಅದು 1889ರಲ್ಲಿ ಅಣೆಕಟ್ಟು ಒಡೆದು 2,200ಕ್ಕೂ ಹೆಚ್ಚು ಜನ ಸತ್ತ ಮಹಾಪ್ರವಾಹದಲ್ಲಿ ಕೊಚ್ಚಿಹೋಗಿ ಮತ್ತೆ ಸಿಕ್ಕಿತ್ತು. 1977ರ ಫೆಬ್ರುವರಿಯಲ್ಲಿ ಚಿತ್ರ ಬಿಡುಗಡೆಯಾಯಿತು. ಅದೇ ಜುಲೈನಲ್ಲಿ ಊರಿಗೆ ಇನ್ನೊಂದು ಭಾರಿ ಪ್ರವಾಹ ಬಂತು. ಜೆಟ್ಸ್ ತಂಡ ಆ ವರ್ಷವೇ ಕೊನೆಗೊಂಡಿತು, ಅದು ಆಡುತ್ತಿದ್ದ ಲೀಗೂ ಉಳಿಯಲಿಲ್ಲ. 1988ರಲ್ಲಿ ಊರಿಗೆ ಮತ್ತೆ ತಂಡ ಬಂದಾಗ ಅದಕ್ಕೆ ಸಿನಿಮಾದ ಹೆಸರನ್ನೇ ಇಟ್ಟರು, ಜಾನ್ಸ್‌ಟೌನ್ ಚೀಫ್ಸ್. ಸ್ಟೀವ್ ಕಾರ್ಲ್‌ಸನ್ ಅದಕ್ಕೆ ತರಬೇತುದಾರನಾಗಿದ್ದ. 2010ರವರೆಗೆ ಅದು ಅಲ್ಲಿ ಆಡಿತು.

ನಿಮ್ಮ ಗಂಟಲು ಕಟ್ಟಿದ್ದು ಸರಿಯಾಗಿಯೇ ಇದೆ. 2023ರ ಜನವರಿಯಲ್ಲಿ ನಿಮ್ಮ ಊರಿನ ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗೆ ಬಂದದ್ದನ್ನು ನಾವೆಲ್ಲ ಓದಿದ್ದೇವೆ. ತಂದೆಯವರ ನೆನಪುಗಳನ್ನು ಬರೆದು ಕಳಿಸಿ, ಸಂಪಾದಕರಿಗೆ ಹೇಳಿ ಅಚ್ಚು ಹಾಕಿಸುತ್ತೇನೆ.

ಪ್ರಶ್ನೆ: ಹದಿಮೂರು ವರ್ಷದ ಮಗನಿಗೆ ತೋರಿಸಬಹುದೇ? ಅವನು ಶಾಲೆಯ ಹಾಕಿ ತಂಡದಲ್ಲಿದ್ದಾನೆ. (ಹುಬ್ಬಳ್ಳಿಯ ತಾಯಿ)

ಉತ್ತರ: ಬೇಡ. ಬೈಗುಳ ಮತ್ತು ನಗ್ನತೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಸಲಿಂಗಿಗಳನ್ನು ಹೀಯಾಳಿಸುವ ಮಾತು ಚಿತ್ರದಲ್ಲಿ ಮತ್ತೆ ಮತ್ತೆ ಬರುತ್ತದೆ. ಡನ್‌ಲಪ್ ಮಾಲೀಕಳ ಮೇಲಿನ ಸಿಟ್ಟಿಗೆ ಅವಳ ಮಗುವನ್ನು ಎಳೆದುತಂದು ಆಡುವ ಮಾತಂತೂ ತೀರಾ ಕಹಿ. ಡ್ರೆಸಿಂಗ್ ರೂಮಿನಲ್ಲಿ ಹಾಗೆ ಆಡುತ್ತಿದ್ದರು ಎಂಬುದು ನಿಜ. ಅದನ್ನು ಹಾಗೇ ದಾಖಲಿಸಿದ್ದು ನ್ಯಾನ್ಸಿಯವರ ಪ್ರಾಮಾಣಿಕತೆ ಎಂದೇ ತಿಳಿಯುತ್ತೇನೆ. ಆದರೆ ನಗುತ್ತ ನಗುತ್ತ ಹುಡುಗನೊಬ್ಬ ಆ ಪದಗಳನ್ನು ಕಲಿತು ತನ್ನ ತಂಡದ ಇನ್ನೊಬ್ಬ ಹುಡುಗನ ಮೇಲೆ ಪ್ರಯೋಗಿಸುವುದು ನನಗೆ ಒಪ್ಪಿಗೆಯಿಲ್ಲ. ಹದಿನೆಂಟು ತುಂಬಿದ ಮೇಲೆ ನೀವಿಬ್ಬರೂ ಜೊತೆಯಲ್ಲಿ ಕೂತು ನೋಡಿ, ಆ ದೃಶ್ಯ ಬಂದಾಗ ನಿಲ್ಲಿಸಿ ಮಾತಾಡಿ.

ಪ್ರಶ್ನೆ: ಮಾಂಟ್ರಿಯಲ್‌ನಲ್ಲಿರುವ ನನ್ನ ಸಹೋದ್ಯೋಗಿಗಳು ಇದನ್ನು ಫ್ರೆಂಚ್ ಚಿತ್ರವೆಂಬಂತೆ ಬಾಯಿಪಾಠ ಹೇಳುತ್ತಾರೆ. ಏಕೆ? (ಕೆನಡಾದ ಓದುಗರು)

ಉತ್ತರ: ಕ್ವಿಬೆಕ್‌ನವರು ಇದನ್ನು ‘ಲಾನ್ಸೆ ಫ್ರಾಪೆ’ ಎಂಬ ಹೆಸರಿನಲ್ಲಿ ಡಬ್ ಮಾಡಿಕೊಂಡರು. ಪ್ಯಾರಿಸ್ಸಿನ ಶಿಷ್ಟ ಫ್ರೆಂಚಿಗೆ ಹೋಗದೆ ತಮ್ಮ ಬೀದಿಯಲ್ಲಿ ಆಡುವ ಫ್ರೆಂಚಿನಲ್ಲಿ, ತಮ್ಮದೇ ಬೈಗುಳಗಳಲ್ಲಿ. ಆದ್ದರಿಂದ ಅಲ್ಲಿ ಅದು ಮನೆಯ ಚಿತ್ರವೇ ಆಗಿದೆ. ನಿಮ್ಮ ಸಹೋದ್ಯೋಗಿಗಳ ಜೊತೆ ಕೂತು ಆ ರೂಪವನ್ನೂ ನೋಡಿ. ಗೋಲ್‌ಕೀಪರ್ ಲೆಮ್ಯೂ ಆಗಿ ನಟಿಸಿದ ಈವಾನ್ ಬ್ಯಾರೆಟ್ ಕ್ವಿಬೆಕ್‌ನವರೇ.