ಹಿಮಕರಡಿಯೇ ಯಾವಾಗಲೂ ಗೆಲ್ಲುವ ಕಾರ್ಡ್ ಆಟ
ಉಡುಪಿಯ ರಜಾ ಶಿಬಿರಕ್ಕೆ ನೀವು ಮಾಡಿದ, ಒಂದು ಪ್ರಾಣಿ ಇನ್ನೊಂದನ್ನು ತಿನ್ನುವ ಕಾರ್ಡ್ ಆಟದಲ್ಲಿ ಹಿಮಕರಡಿ ಕಾರ್ಡ್ ಸಿಕ್ಕವರೇ ಪ್ರತಿಸಲ ಗೆಲ್ಲಲು ಕಾರಣ, ಎರಡೂ ಧ್ರುವಗಳನ್ನು ಒಂದೇ ಕಟ್ಟಿನಲ್ಲಿ ಬೆರೆಸಿರುವುದು. ಹಿಮಕರಡಿ ಇರುವುದು ಉತ್ತರದ ಆರ್ಕ್ಟಿಕ್‌ನಲ್ಲಿ, ನಿಮ್ಮ ಎಂಪರರ್ ಪೆಂಗ್ವಿನ್ ಅಂಟಾರ್ಕ್ಟಿಕಾದಲ್ಲಿ. ಹಿಮಕರಡಿ ಪೆಂಗ್ವಿನ್ ಅನ್ನು ತಿನ್ನುವ ಮಾತೇ ಇಲ್ಲ. ಮಕ್ಕಳ ತಲೆಯಲ್ಲಿ ತಪ್ಪು ಕೂರಬಾರದು.

ಮೊದಲು ಕಟ್ಟು ಎರಡು ಮಾಡಿ. ಉತ್ತರಕ್ಕೆ ಹಿಮಕರಡಿ, ರಿಂಗ್ಡ್ ಸೀಲ್, ಆರ್ಕ್ಟಿಕ್ ಕಾಡ್ ಮೀನು. ದಕ್ಷಿಣಕ್ಕೆ ಲೆಪರ್ಡ್ ಸೀಲ್, ಪೆಂಗ್ವಿನ್, ಕ್ರಿಲ್ (ಸೀಗಡಿಯಂಥ ಪುಟ್ಟ ಕಡಲಜೀವಿ). ಆಮೇಲೆ ಪ್ರತಿ ಕಟ್ಟಿನಲ್ಲೂ ದೊಡ್ಡ ಬೇಟೆಗಾರನ ಕಾರ್ಡ್ 2, ನಡುವಿನದು 6, ಕೆಳಗಿನದು 12 ಇಡಿ. ಎರಡು ಸುತ್ತು ಆಹಾರ ಸಿಗದ ಬೇಟೆಗಾರ ಹೊರಗೆ. ಮಂಗಳೂರಿನಲ್ಲಿ ನಾಲ್ಕು ಮಕ್ಕಳಿಗೆ ಆಡಿಸಿದಾಗ ಈ ಲೆಕ್ಕ ಸರಿಬಂತು. ಹೆಚ್ಚು ಜನರಿದ್ದರೆ ಬದಲಿಸಬೇಕಾದೀತು.

ಜೋಕರ್‌ಗೆ ಆರ್ಕ್ಟಿಕ್ ಟರ್ನ್ ಹಕ್ಕಿ ಹಾಕಿ. ಉತ್ತರದಲ್ಲಿ ಮರಿ ಮಾಡಿ ಅಂಟಾರ್ಕ್ಟಿಕಾದವರೆಗೆ ಹಾರುವ ಅದು ಎರಡೂ ಕಟ್ಟಿಗೆ ಸಲ್ಲುತ್ತದೆ.