ಕಾಕಂಬಿ ಕೊಟ್ಟರೆ ಹಿಂಡಿ ಬೇಡವೇ?

ಪ್ರಶ್ನೆ: ನಮ್ಮಲ್ಲಿ ಹಾಲು ಕರೆಯುವ ಎರಡು ಎಮ್ಮೆ, ಒಂದು ಮಿಶ್ರತಳಿ ಹಸು ಇವೆ. ವರ್ಷದ ಬಹುಪಾಲು ನೆಲ್ಲುಹುಲ್ಲೇ ಮೇವು. ಹುಲ್ಲಿಗೆ ಕಾಕಂಬಿ ಚಿಮುಕಿಸಿದರೆ ಹಿಂಡಿಯ ಖರ್ಚು ಉಳಿಯುತ್ತದೆ ಎನ್ನುತ್ತಾರೆ. ಎಷ್ಟು ಕೊಡಬೇಕು? ಜೊತೆಗೆ ಯೂರಿಯಾ ಬೆರೆಸಬಹುದೇ?
— ಓದುಗರೊಬ್ಬರು, ಕಾರಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಸಕ್ಕರೆ ತಯಾರಿಸಿದ ಮೇಲೆ ಉಳಿಯುವ ಗಟ್ಟಿ ಪಾಕವಾದ ಕಾಕಂಬಿಯಿಂದ ದನಗಳಿಗೆ ಬೇಗನೆ ಶಕ್ತಿ ದೊರೆಯುವುದು ನಿಜ, ಆದರೆ ಹಿಂಡಿಯ ಕೆಲಸವನ್ನು ಅದು ಮಾಡಲಾರದು. ಕಬ್ಬಿನ ಕಾಕಂಬಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಕ್ಕರೆ ಅಂಶವೇ ಇದ್ದು, ಪ್ರೋಟೀನ್ ಶೇ. 4ರ ಆಸುಪಾಸು ಮಾತ್ರ. ರಂಜಕವಂತೂ ತೀರಾ ಕಡಿಮೆ. ನೆಲ್ಲುಹುಲ್ಲಿನಲ್ಲೂ ಪ್ರೋಟೀನ್ ಅಷ್ಟಕ್ಕಷ್ಟೇ. ಮೆಲುಕು ಹಾಕುವ ದನದ ದೊಡ್ಡ ಹೊಟ್ಟೆಯಲ್ಲಿ ಹುಲ್ಲಿನ ನಾರನ್ನು ಒಡೆಯುವ ಸೂಕ್ಷ್ಮಜೀವಿಗಳಿಗೆ ಸಕ್ಕರೆಯ ಜೊತೆಗೆ ಪ್ರೋಟೀನ್‌ನಲ್ಲಿರುವ ಸಾರಜನಕವೂ ಸಿಗದಿದ್ದರೆ ಅವು ವೃದ್ಧಿಯಾಗುವುದಿಲ್ಲ. ಬರೀ ಸಿಹಿಯನ್ನೇ ಹೆಚ್ಚಿಸುತ್ತ ಹೋದರೆ ಹುಲ್ಲು ಜೀರ್ಣವಾಗುವುದೇ ಕುಗ್ಗುತ್ತದೆ. ಆದ್ದರಿಂದ ಹತ್ತಿಕಾಳಿನ ಹಿಂಡಿಯನ್ನಾಗಲಿ ಶೇಂಗಾ ಹಿಂಡಿಯನ್ನಾಗಲಿ ದಯವಿಟ್ಟು ನಿಲ್ಲಿಸಬೇಡಿ. ಕಡಿಮೆ ಮಾಡುವುದಿದ್ದರೆ ಜೋಳದ ಅಥವಾ ಮೆಕ್ಕೆಜೋಳದ ನುಚ್ಚನ್ನು ಕಡಿಮೆ ಮಾಡಿ. ಒಂದು ಕಿಲೋ ಕಾಕಂಬಿಯಿಂದ ಸಿಗುವ ಶಕ್ತಿ ಸುಮಾರು 700 ಗ್ರಾಂ ನುಚ್ಚಿಗೆ ಸಮ. ಹಾಗಾಗಿ ನುಚ್ಚಿನ ದರದ ಶೇ. 70ಕ್ಕಿಂತ ಅಗ್ಗವಾಗಿ ಸಿಕ್ಕರೆ ಮಾತ್ರ ಕೊಳ್ಳುವುದು ಲಾಭ. ರಂಜಕದ ಕೊರತೆಗೆ ನಿಮ್ಮೂರಿನ ರೈಸ್‌ಮಿಲ್ಲುಗಳ ತೌಡು ಇದ್ದೇ ಇದೆ. ಖನಿಜ ಮಿಶ್ರಣವನ್ನೂ ತಪ್ಪಿಸಬೇಡಿ.

ಕೊಳ್ಳುವಾಗ ಕಡ್ಡಿಯೊಂದನ್ನು ಅದ್ದಿ ಎತ್ತಿ ನೋಡಿ. ಒಳ್ಳೆಯ ಕಾಕಂಬಿ ದಾರದಂತೆ ನಿಧಾನವಾಗಿ ಇಳಿಯುತ್ತದೆ. ಥಟ್ಟನೆ ತೊಟ್ಟಿಕ್ಕಿದರೆ ನೀರು ಬೆರೆತಿರುವ ಅನುಮಾನವಿದೆ. ದೊಡ್ಡ ದನಕ್ಕೆ ದಿನಕ್ಕೆ 200 ಗ್ರಾಂನಿಂದ ಆರಂಭಿಸಿ, ಹತ್ತು ದಿನಗಳಲ್ಲಿ ಹಂತಹಂತವಾಗಿ ಒಂದು ಕಿಲೋವರೆಗೆ ಏರಿಸಬಹುದು. ಎರಡರಷ್ಟು ನೀರಿನಲ್ಲಿ ಕದಡಿ, ಕತ್ತರಿಸಿದ ಹುಲ್ಲಿಗೆ ಚಿಮುಕಿಸಿ ಚೆನ್ನಾಗಿ ಕೈಯಾಡಿಸಿ. ಅಂದಿಗೆ ಬೇಕಾದಷ್ಟೇ ಕಲಸಿರಿ, ಏಕೆಂದರೆ ನಮ್ಮ ಭಾಗದ ಬಿಸಿಲಿಗೆ ಉಳಿದದ್ದು ಬೇಗ ಹುಳಿಯುತ್ತದೆ. ಸಗಣಿ ತೆಳ್ಳಗಾದರೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ.

ಯೂರಿಯಾವನ್ನು ಮನೆಯಲ್ಲಿ ಕೈಯಂದಾಜಿನಲ್ಲಿ ಬೆರೆಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಸರಿಯಾಗಿ ಕರಗದೆ ಉಳಿದ ಯೂರಿಯಾವನ್ನು ದನ ಒಮ್ಮೆಗೇ ತಿಂದರೆ ಹೊಟ್ಟೆಯಲ್ಲಿ ಅಮೋನಿಯಾ ಹೆಚ್ಚಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಬೇಕೆನಿಸಿದರೆ ಯೂರಿಯಾ, ಕಾಕಂಬಿ ಮತ್ತು ಖನಿಜಗಳನ್ನು ಸೇರಿಸಿ ತಯಾರಿಸಿದ ನೆಕ್ಕುವ ಇಟ್ಟಿಗೆಯನ್ನು ಪಶುವೈದ್ಯರನ್ನು ಕೇಳಿ ತರಿಸಿಕೊಳ್ಳಿ. ಅದನ್ನು ಹೊಟ್ಟೆ ತುಂಬ ಮೇವು ತಿಂದ ದನದ ಮುಂದಷ್ಟೇ ಇಡಬೇಕು. ಆರು ತಿಂಗಳೊಳಗಿನ ಕರುಗಳಿಗೆ ಅದು ಎಟುಕಬಾರದು, ಮಳೆನೀರು ಅಥವಾ ಕುಡಿಯುವ ತೊಟ್ಟಿಯ ನೀರು ಅದಕ್ಕೆ ತಾಗಬಾರದು.