ಪಲ್ಲಾಡಿಯಂ ಅಸಿಟೇಟನ್ನು ಅಪಕರ್ಷಿಸುವುದು ಯಾವುದು?

ಪ್ರಶ್ನೆ: ಎರಡು ಇಂಗಾಲದ ಗುಂಪುಗಳನ್ನು ಪಲ್ಲಾಡಿಯಂ ವೇಗವರ್ಧಕದಿಂದ ಬೆಸೆಯುವ ಸುಜುಕಿ ಜೋಡಣೆಯ ಚಕ್ರವು ಶೂನ್ಯ ಸ್ಥಿತಿಯ ಪಲ್ಲಾಡಿಯಂನಿಂದ ಆರಂಭವಾಗುತ್ತದೆ ಎಂದು ಓದಿದ್ದೇನೆ. ಆದರೆ ಪ್ರಯೋಗಾಲಯದಲ್ಲಿ ನಾವು ಹಾಕುವುದು +2 ಸ್ಥಿತಿಯ ಪಲ್ಲಾಡಿಯಂ ಅಸಿಟೇಟ್ ಮತ್ತು ಟ್ರೈಫೀನೈಲ್ ಫಾಸ್ಫೀನ್. ಅಪಕರ್ಷಕ (ಎಲೆಕ್ಟ್ರಾನು ಕೊಡುವ ವಸ್ತು) ಎಂದು ಬೇರೇನನ್ನೂ ಹಾಕುವುದಿಲ್ಲವಲ್ಲ? — ಎಂ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: ಲಿಗ್ಯಾಂಡ್ (ಲೋಹಕ್ಕೆ ಬಂಧಿಸಿ ಆಸರೆಯಾಗುವ ಅಣು) ಎಂದು ನೀವು ತೂಗಿ ಹಾಕುವ ಫಾಸ್ಫೀನೇ ಇಲ್ಲಿ ಅಪಕರ್ಷಕ. ಪ್ಯಾರಿಸಿನ ಕ್ರಿಸ್ಟಿಯಾನ್ ಅಮಟೋರ್ ಮತ್ತು ಆನಿ ಜುಟಾಂ 1990ರ ದಶಕದಲ್ಲಿ ವಿದ್ಯುದ್ರಾಸಾಯನಿಕ ವಿಧಾನಗಳಿಂದ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಎರಡು ಫಾಸ್ಫೀನ್ ಅಣುಗಳು ಪಲ್ಲಾಡಿಯಂ ಅಸಿಟೇಟನ್ನು ಸೇರಿದ ಮೇಲೆ, ಅದೇ ಲೋಹಕ್ಕೆ ಬಂಧಿತವಾಗಿರುವ ಅಸಿಟೇಟೊಂದು ಪಕ್ಕದ ಫಾಸ್ಫೀನಿನ ರಂಜಕಕ್ಕೆ ವರ್ಗಾವಣೆಗೊಳ್ಳುತ್ತದೆ. ಆಗ ಎರಡು ಎಲೆಕ್ಟ್ರಾನುಗಳು ಲೋಹದ ಪಾಲಿಗೆ ಬಂದು ಅದು ಶೂನ್ಯ ಸ್ಥಿತಿಗೆ ಇಳಿಯುತ್ತದೆ. ಬೇರ್ಪಟ್ಟ ರಂಜಕದ ಸಂಯುಕ್ತವು ನೀರಿನೊಡನೆ ವರ್ತಿಸಿ ಫಾಸ್ಫೀನ್ ಆಕ್ಸೈಡ್ ಆಗುತ್ತದೆ. ಆರ್ಗಾನ್ ವಾತಾವರಣದಲ್ಲೂ ಟಿಎಲ್‌ಸಿ (ತೆಳುಪದರ ವರ್ಣಲೇಖನ) ತಟ್ಟೆಯ ಮೇಲೆ ಆ ಆಕ್ಸೈಡಿನ ಚುಕ್ಕೆ ಕಂಡರೆ, ಗಾಳಿ ನುಗ್ಗಿತೆಂದು ಕೂಡಲೇ ತೀರ್ಮಾನಿಸಬೇಕಾಗಿಲ್ಲ.

ವಿದ್ಯಾರ್ಥಿಗಳು ಎಡವುವುದು ಲೆಕ್ಕದಲ್ಲಿ. ಒಂದು ಪಲ್ಲಾಡಿಯಂಗೆ ಎರಡೇ ಫಾಸ್ಫೀನ್ ಹಾಕಿದರೆ, ಒಂದು ಆಕ್ಸೈಡಾಗಿ ಕಳೆದುಹೋಗಿ ಲೋಹಕ್ಕೆ ಒಂದೇ ಉಳಿಯುತ್ತದೆ. ಸಾಕಷ್ಟು ಆಸರೆಯಿಲ್ಲದ ಲೋಹದ ಪರಮಾಣುಗಳು ಒಟ್ಟುಗೂಡಿ ತಳದಲ್ಲಿ ಕಪ್ಪಾಗಿ ಕೂರುತ್ತವೆ. ಮೂರು, ನಾಲ್ಕು ಪಟ್ಟು ಫಾಸ್ಫೀನ್ ಹಾಕುವ ರೂಢಿಯ ಹಿಂದೆ ಇದೂ ಒಂದು ಕಾರಣ. ಎರಡು ರಂಜಕಗಳಿರುವ ದುಬಾರಿ ಲಿಗ್ಯಾಂಡುಗಳಲ್ಲಂತೂ ಒಂದು ರಂಜಕ ಆಕ್ಸೈಡಾಯಿತೆಂದರೆ, ಲೋಹವನ್ನು ಎರಡೂ ಕಡೆಯಿಂದ ಹಿಡಿಯುವ ಗುಣವೇ ಹೋಗುತ್ತದೆ.

ಸುಜುಕಿ ಜೋಡಣೆಯ ಕಚ್ಚಾವಸ್ತುಗಳಲ್ಲೊಂದಾದ ಬೋರಾನಿಕ್ ಆಮ್ಲವೂ ಈ ಅಪಕರ್ಷಣೆಯ ಕೆಲಸ ಮಾಡಬಲ್ಲದು. ಅದರ ಎರಡು ಅಣುಗಳು ತಮ್ಮ ಆರೈಲ್ (ಬೆಂಜೀನ್ ಬಗೆಯ ಉಂಗುರದ) ಗುಂಪುಗಳನ್ನು ಲೋಹಕ್ಕೆ ಕೊಟ್ಟು, ಆ ಗುಂಪುಗಳು ಪರಸ್ಪರ ಕೂಡಿ ಬೈಆರೈಲ್ ಆಗಿ ಹೊರಬಿದ್ದಾಗ ಪಲ್ಲಾಡಿಯಂ ಶೂನ್ಯ ಸ್ಥಿತಿಗೆ ಬರುತ್ತದೆ. ಶೇ 2 ಮೋಲ್ ಪಲ್ಲಾಡಿಯಂ ಪೂರ್ತಿಯಾಗಿ ಈ ದಾರಿಯಲ್ಲೇ ಸಾಗಿದರೆ, ಶೇ 4 ಮೋಲ್ ಬೋರಾನಿಕ್ ಆಮ್ಲ ಅದಕ್ಕೇ ಖರ್ಚಾಗುತ್ತದೆ.

ಬಕ್‌ವಾಲ್ಡ್ ಬಳಗದ ಅಮಿನೋಬೈಫೀನೈಲ್ ಪೂರ್ವವೇಗವರ್ಧಕಗಳು ಈ ತಾಪತ್ರಯವನ್ನು ಜಾಣತನದಿಂದ ತಪ್ಪಿಸುತ್ತವೆ: ಪ್ರತ್ಯಾಮ್ಲವು ಅಮೀನಿನ ಪ್ರೋಟಾನನ್ನು ಕಿತ್ತುಕೊಂಡ ಮೇಲೆ ಕಾರ್ಬಜೋಲ್ ಬೇರ್ಪಡುತ್ತದೆ, ಫಾಸ್ಫೀನ್ ವ್ಯಯವಾಗದೆ ಪಲ್ಲಾಡಿಯಂ ಜೊತೆಗೇ ಉಳಿಯುತ್ತದೆ. ಟೆಟ್ರಾಕಿಸ್ (ನಾಲ್ಕು ಟ್ರೈಫೀನೈಲ್ ಫಾಸ್ಫೀನುಗಳಿರುವ ಪಲ್ಲಾಡಿಯಂ ಸಂಯುಕ್ತ) ಮೊದಲೇ ಶೂನ್ಯ ಸ್ಥಿತಿಯಲ್ಲಿದ್ದರೂ, ನಾಲ್ಕು ಫಾಸ್ಫೀನುಗಳಲ್ಲಿ ಕೆಲವನ್ನು ಬಿಟ್ಟುಕೊಟ್ಟ ಹೊರತು ಕೆಲಸಕ್ಕಿಳಿಯದು.

ಅಸಿಟೇಟನ್ನೇ ಬಳಸುವುದಾದರೆ, ಫಾಸ್ಫೀನ್ ಆಕ್ಸೈಡಾಗಿದೆಯೇ ಎಂದು ತಿಳಿಯಲು ರಂಜಕ-31 ಎನ್‌ಎಂಆರ್ (ರಂಜಕದ ಪರಮಾಣುಗಳನ್ನು ಗುರುತಿಸುವ ರೋಹಿತ) ತೆಗೆದು ನೋಡಿ. ಮುಕ್ತ ಟ್ರೈಫೀನೈಲ್ ಫಾಸ್ಫೀನಿನ ಗೆರೆ −5 ಪಿಪಿಎಂ ಆಸುಪಾಸಿನಲ್ಲಿಯೂ, ಆಕ್ಸೈಡಿನದು 25ರಿಂದ 30ರ ನಡುವೆಯೂ ಕಾಣುತ್ತದೆ.